ವ್ರತದ ದಿನಗಳ ಓದು: ಉಕ್ಕಿದ ನೀರಿಗೆ ಬಾಗಿಲು ಮಾಡಿದ ವಿಶ್ವೇಶ್ವರಯ್ಯನವರು





ಕಳೆದ ಶನಿವಾರ ಪುಣೆಯ ನಮ್ಮ ಭಜನೆ ಮುಗಿದು ಪ್ರಸಾದ ಹಂಚುವಾಗ ಒಬ್ಬ ಕನ್ನಿಸ್ವಾಮಿ ಮೂಲೆಯಲ್ಲಿ ಸುಮ್ಮನೆ ಕೂತಿದ್ದ. ಹುಬ್ಬಳ್ಳಿ ಕಡೆಯ ಹುಡುಗ, ಪುಣೆಗೆ ಬಂದು ಎರಡು ವರ್ಷ. ಹತ್ತಿರ ಹೋಗಿ ಕೂತೆ. ಮಾಲೆ ಹಾಕಿದ ಹತ್ತನೇ ದಿನಕ್ಕೆ ಕೆಲಸದಿಂದ ತೆಗೆದರಂತೆ. ಮನೆಗೆ ಇನ್ನೂ ಹೇಳಿಲ್ಲ. ಮನಸ್ಸು ಇಷ್ಟು ಕದಡಿರುವಾಗ ಮಾಡುವ ವ್ರತ ವ್ರತವೇ ಆಗುತ್ತದೆಯೇ, ಮಾಲೆ ತೆಗೆದು ಊರಿಗೆ ಹೋಗಿಬಿಡಲೇ ಎಂದು ಕೇಳಿದ.

ತಕ್ಷಣ ಉತ್ತರ ಹೊಳೆಯಲಿಲ್ಲ. ಯಾಕೆಂದರೆ ಅದೇ ಪ್ರಶ್ನೆಯನ್ನು ನಾನೂ ಒಂದು ಕಾಲದಲ್ಲಿ ನನ್ನ ಗುರುಸ್ವಾಮಿಗಳಿಗೆ ಕೇಳಿದ್ದೆ. ಆಗ ಕೊರಳಲ್ಲಿ ಎರಡನೇ ವರ್ಷದ ಮಾಲೆ, ಕೈಯಲ್ಲಿ ಕೆಲಸವಿಲ್ಲ, ತಲೆಯ ಮೇಲೆ ತಂಗಿಯ ಮದುವೆಯ ಸಾಲ. ಗುರುಸ್ವಾಮಿಗಳು ಉಪದೇಶ ಮಾಡಲಿಲ್ಲ. ಭಾನುವಾರ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿದ ಮೇಲೆ ಬಸ್ಸು ಹತ್ತಿಸಿ ಖಡಕ್‌ವಾಸ್ಲಾ ಕೆರೆಯ ಹತ್ತಿರ ಕರೆದುಕೊಂಡು ಹೋದರು. ನೀರು ನೋಡುತ್ತಾ ಕೂತು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಕಥೆ ಹೇಳಿದರು. ಆಮೇಲೆ ನಾನೂ ಅವರ ಬಗ್ಗೆ ಓದುತ್ತಾ ಬಂದೆ. ಇವತ್ತು ಅದನ್ನೇ ನಿಮ್ಮ ಮುಂದೆ ಇಡುತ್ತೇನೆ. ಶಾಲೆಯಲ್ಲಿ ಓದಿದ, ಪೇಟ ಕಟ್ಟಿಕೊಂಡು ಪಟದಲ್ಲಿ ಕೂತಿರುವ ವಿಶ್ವೇಶ್ವರಯ್ಯನವರಲ್ಲ. ನಮ್ಮ ಹಾಗೆಯೇ ಊರು ಬಿಟ್ಟು ಬಂದು, ಪರ ಊರಿನಲ್ಲಿ ಪೆಟ್ಟು ತಿಂದು ಕಲಿತ ವಿಶ್ವೇಶ್ವರಯ್ಯನವರು.

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿ ಅವರ ಊರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗ ಓದುತ್ತಿರುವಾಗಲೇ ತಂದೆ ತೀರಿಕೊಂಡರು. ಮುಂದೆ ಬೆಂಗಳೂರಿನಲ್ಲಿ ಸೋದರಮಾವನ ಆಸರೆ, ಸೆಂಟ್ರಲ್ ಕಾಲೇಜಿನ ಓದು. ಖರ್ಚಿಗೆ ಬೇರೆಯವರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದರು. 1881ರಲ್ಲಿ ಬಿ.ಎ. ಆಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಎಂಜಿನಿಯರಿಂಗ್ ಓದಲು ಬಂದದ್ದು ಇದೇ ಪುಣೆಗೆ. 1883ರಲ್ಲಿ ಮೊದಲ ಸ್ಥಾನದಲ್ಲಿ ಪಾಸಾದರು. 1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು.

ಕೆಲಸ ಸಿಕ್ಕಿತು, ಇನ್ನೇನು ಕಷ್ಟ ಎಂದು ನಾವು ಅಂದುಕೊಳ್ಳುತ್ತೇವೆ. ಅವರ ನಿಜವಾದ ಪಾಠ ಶುರುವಾದದ್ದು ಅಲ್ಲಿಂದ.

ಖಾನ್‌ದೇಶದ ಧುಳೆ ಕಡೆ, ಹೊಳೆಯ ತಳದಲ್ಲಿ ಕೊಳವೆ ಹಾಕಿ ನೀರನ್ನು ಆಚೆ ದಡಕ್ಕೆ ದಾಟಿಸುವ ಕೆಲಸ ಅವರ ಪಾಲಿಗೆ ಬಂತು. ಅಷ್ಟರಲ್ಲಿ ಮಳೆಗಾಲ. ಅಗೆದ ಕಡೆಯೆಲ್ಲ ಮರಳು ತುಂಬಿಕೊಳ್ಳತೊಡಗಿತು. ಮಳೆ ನಿಲ್ಲುವವರೆಗೆ ಕೆಲಸ ಮುಂದೂಡೋಣ ಎಂದು ಮೇಲಧಿಕಾರಿಗೆ ಬರೆದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಧಿಕಾರಿಗೆ ಅದು ಹೊಸ ಹುಡುಗನ ಉತ್ಸಾಹ ಸಾಲದ ಲಕ್ಷಣವಾಗಿ ಕಂಡಿತು, ಖಾರವಾಗಿಯೇ ಉತ್ತರ ಬಂತು. ಹೊಸದಾಗಿ ಸೇರಿದವನ ಹೆಸರಿಗೆ ಅಂಥ ಟೀಕೆ ಅಂಟಿದರೆ ಎಷ್ಟು ಉರಿಯುತ್ತದೆ ಎಂದು ಕಾರ್ಪೊರೇಟ್ ಆಫೀಸಿನಲ್ಲಿ ಇರುವ ಸ್ವಾಮಿಗಳಿಗೆ ಹೇಳಬೇಕಾಗಿಲ್ಲ. ವಿಶ್ವೇಶ್ವರಯ್ಯನವರು ಜಗಳಕ್ಕೆ ನಿಲ್ಲಲಿಲ್ಲ, ಮುದುಡಿಯೂ ಕೂರಲಿಲ್ಲ. ಮತ್ತೆ ಹೊಳೆಗೆ ಇಳಿದರು, ಮಳೆಯ ಜೊತೆ ಹೆಣಗುತ್ತಲೇ ಕೆಲಸ ಮುಗಿಸಿದರು. ಟೀಕಿಸಿದ ಅಧಿಕಾರಿಯೇ ಆಮೇಲೆ ಮೆಚ್ಚಿದರು. ಅವಮಾನ ಬೇರೆ, ಕೆಲಸ ಬೇರೆ ಎಂದು ಎರಡನ್ನೂ ಬಿಡಿಸಿ ನೋಡುವುದನ್ನು ಅವರು ಕಲಿತದ್ದು ಅಲ್ಲಿ ಎಂದು ನನಗೆ ಅನ್ನಿಸುತ್ತದೆ.

ಹತ್ತು ವರ್ಷ ಕಳೆಯಿತು. ಸಿಂಧ್ ಆಗ ಬಾಂಬೆ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿನ ಸುಕ್ಕೂರು ಪಟ್ಟಣಕ್ಕೆ ಕುಡಿಯುವ ನೀರು ಕೊಡುವ ಕೆಲಸಕ್ಕೆ ಇವರನ್ನು ಕಳಿಸಿದರು. ಪಕ್ಕದಲ್ಲೇ ಸಿಂಧೂ ನದಿ, ಆದರೆ ನೀರೆಲ್ಲ ಕೆಸರು. ಸೋಸುವ ತೊಟ್ಟಿಗಳನ್ನು ಕಟ್ಟಿಸಲು ಊರಿನ ಪುರಸಭೆಯಲ್ಲಿ ಹಣವಿಲ್ಲ. ಧುಳೆಯಲ್ಲಿ ಶತ್ರುವಿನಂತೆ ಕಾಡಿದ್ದ ಮರಳನ್ನೇ ಅವರು ಇಲ್ಲಿ ನೆಂಟನನ್ನಾಗಿ ಮಾಡಿಕೊಂಡರು. ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನೊಳಗೆ ಇಳಿದು ಬರುವ ನೀರು ತಾನಾಗಿಯೇ ತಿಳಿಯಾಗಿ ಬಾವಿಗೆ ಸೇರುತ್ತಿತ್ತು. ಮೇಲಿನ ನೀರು ಎಷ್ಟು ರಾಡಿಯಾದರೂ ತಳದಲ್ಲಿ ತಿಳಿನೀರು ಸಿಗುತ್ತದೆ, ಅಷ್ಟು ಆಳಕ್ಕೆ ಇಳಿಯುವ ತಾಳ್ಮೆ ಬೇಕು ಎಂದು ಗುರುಸ್ವಾಮಿಗಳು ಹೇಳಿದ್ದು ಇನ್ನೂ ನೆನಪಿದೆ.

ಇನ್ನು ಖಡಕ್‌ವಾಸ್ಲಾದ ವಿಷಯ. ಪುಣೆಗೆ ನೀರು ಕೊಡುವ ಈ ಕೆರೆಯಲ್ಲಿ ಮಳೆಗಾಲದ ನೀರು ಕೋಡಿ ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ಕೊರತೆ. ನೀರು ಹೆಚ್ಚು ನಿಲ್ಲಿಸಬೇಕಾದರೆ ಕಟ್ಟೆ ಎತ್ತರಿಸಬೇಕು. ಎತ್ತರಿಸಿದರೆ ಹಳೆಯ ಕಟ್ಟೆಯ ಮೇಲೆ ಪ್ರವಾಹದ ಹೊತ್ತಿನಲ್ಲಿ ಭಾರ ಹೆಚ್ಚುತ್ತದೆ. ಆಗ ವಿಶ್ವೇಶ್ವರಯ್ಯನವರು ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ರೂಪಿಸಿದರು. ನೀರು ಒಂದು ಮಟ್ಟದವರೆಗೆ ಬರುವ ತನಕ ಬಾಗಿಲು ಮುಚ್ಚಿಕೊಂಡು ನೀರು ಹಿಡಿಯುತ್ತದೆ. ಮಟ್ಟ ಮೀರಿದರೆ ತಾನೇ ತೆರೆದುಕೊಂಡು ಹೆಚ್ಚಿನದನ್ನು ಹೊರಗೆ ಬಿಡುತ್ತದೆ. ಪ್ರವಾಹ ಇಳಿದ ಮೇಲೆ ಮತ್ತೆ ಮುಚ್ಚಿಕೊಳ್ಳುತ್ತದೆ. 1903ರ ಹೊತ್ತಿಗೆ ಇಲ್ಲಿ ಅವು ಕೆಲಸ ಮಾಡತೊಡಗಿದವು. ಇದಕ್ಕೆ ಅವರು ಪೇಟೆಂಟ್ ಪಡೆದರು. ಆಮೇಲೆ ಗ್ವಾಲಿಯರ್‌ನ ತಿಗ್ರಾದಲ್ಲಿ, ನಮ್ಮ ಕೃಷ್ಣರಾಜಸಾಗರದಲ್ಲಿ ಅದೇ ಬಗೆಯ ಬಾಗಿಲುಗಳು ಬಂದವು.

ಇಲ್ಲಿಗೆ ಬಂದಾಗ ಗುರುಸ್ವಾಮಿಗಳು ಮಾತು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಮನೆಗೆ ವಿಷಯ ಹೇಳಿದ್ದೇನೆಯೇ ಎಂದು ಕೇಳಿದರು. ಇಲ್ಲ ಎಂದೆ. ಎಲ್ಲವನ್ನೂ ಒಳಗೇ ಕಟ್ಟಿಕೊಂಡು ಗಟ್ಟಿಯಾಗಿ ನಿಲ್ಲುವುದೇ ಧೈರ್ಯ ಎಂದು ನಾನು ತಿಳಿದಿದ್ದೆ. ಬಾಗಿಲಿಲ್ಲದ ಕಟ್ಟೆ ಎಷ್ಟು ದಪ್ಪವಿದ್ದರೂ ಒಂದು ದಿನ ಒಡೆಯುತ್ತದೆ ಎಂದು ಅವತ್ತು ಅರ್ಥವಾಯಿತು. ಆ ಸಂಜೆಯೇ ಅಮ್ಮನಿಗೆ ಫೋನ್ ಮಾಡಿದೆ.

ಕಥೆ ಮುಂದಿದೆ ಸ್ವಾಮಿಗಳೇ. ವಯಸ್ಸು ಐವತ್ತರ ಹತ್ತಿರ ಬರುವಾಗ ಅವರಿಗೆ ಇನ್ನೊಂದು ಗೋಡೆ ಎದುರಾಯಿತು. ಹಲವು ಹಿರಿಯರನ್ನು ದಾಟಿ ಬಡ್ತಿ ಸಿಕ್ಕಿತ್ತು, ಅದರಿಂದ ಸುತ್ತ ಅಸಮಾಧಾನವೂ ಇತ್ತು. ಆದರೆ ಆ ಪ್ರಾಂತ್ಯದ ಮುಖ್ಯ ಎಂಜಿನಿಯರ್ ಹುದ್ದೆಗೆ ಆ ಕಾಲದಲ್ಲಿ ಒಬ್ಬ ಭಾರತೀಯ ಏರುವಂತಿರಲಿಲ್ಲ. ಇನ್ನು ಮೇಲೆ ದಾರಿಯಿಲ್ಲ ಎಂದು ತಿಳಿದಾಗ ಕಹಿ ತುಂಬಿಕೊಂಡು ಕುರ್ಚಿಗೆ ಅಂಟಿ ಕೂರಲಿಲ್ಲ. 1908ರಲ್ಲಿ ತಾವಾಗಿಯೇ ನಿವೃತ್ತಿ ಕೇಳಿ ಹೊರಬಂದು ವಿದೇಶ ಪ್ರವಾಸಕ್ಕೆ ಹೋದರು. ನೋಡಿ ಕಲಿಯುವುದೇ ಆ ಪ್ರವಾಸದ ಉದ್ದೇಶ.

ಅದೇ ವರ್ಷ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿತು. ಮೇಲ್ಗಡೆಯ ಕೆರೆಗಳು ಒಂದರ ಹಿಂದೆ ಒಂದು ಒಡೆದು, ಸಾವಿರಾರು ಜನ ಸತ್ತರು. ವಿಶ್ವೇಶ್ವರಯ್ಯನವರು ಇಟಲಿಯಲ್ಲಿದ್ದಾಗ ನಿಜಾಮರ ಸರ್ಕಾರದಿಂದ ಕರೆ ಹೋಯಿತು. 1909ರಲ್ಲಿ ಬಂದು ನದಿಯನ್ನೂ ಕೆರೆಗಳನ್ನೂ ಅಳೆದು, ಊರಿನ ಮೇಲ್ಗಡೆ ಎರಡು ಜಲಾಶಯ ಕಟ್ಟುವ ಯೋಜನೆ ಕೊಟ್ಟರು. ಅವನ್ನು ಕಟ್ಟಿ ಮುಗಿಸಿದವರು ಬೇರೆಯವರು. ಹೈದರಾಬಾದಿನ ಸ್ವಾಮಿಗಳೇ, ನೀವು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗುವ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಅವೇ. ಒಂದು ಕಡೆ ಬಾಗಿಲು ಮುಚ್ಚಿದ್ದರಿಂದಲೇ ಅವರು ಇನ್ನೊಂದು ಊರಿನ ಕಷ್ಟಕ್ಕೆ ಒದಗಿದರು.

1909ರ ಕೊನೆಗೆ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. ಕನ್ನಂಬಾಡಿ ಕಟ್ಟೆಯ ಕಥೆ ನಿಮಗೆ ಗೊತ್ತು. ಗೊತ್ತಿರದ ಒಂದು ಭಾಗ ಹೇಳುತ್ತೇನೆ. ಇಷ್ಟು ದೊಡ್ಡ ಖರ್ಚಿಗೆ ಸಂಸ್ಥಾನದ ಒಳಗೇ ಹಿಂಜರಿಕೆ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಒಪ್ಪಿಗೆ ಸಿಕ್ಕಿ 1911ರಲ್ಲಿ ಕೆಲಸ ಶುರುವಾಯಿತು. ಹೊರಗೆ ಮದ್ರಾಸ್ ಸರ್ಕಾರದ ಆಕ್ಷೇಪ. ಮೊದಲಿಗೆ 80 ಅಡಿಯ ಎತ್ತರಕ್ಕಷ್ಟೇ ಒಪ್ಪಿಗೆ ದೊರೆಯಿತು. ಆದರೂ ಅಡಿಪಾಯವನ್ನು ಪೂರ್ತಿ ಎತ್ತರದ ಕಟ್ಟೆಗೆ ಬೇಕಾಗುವಷ್ಟೇ ಅಗಲವಾಗಿ ಹಾಕಿಸಿದರು. ಎರಡೂ ಸರ್ಕಾರಗಳ ನಡುವೆ ಒಪ್ಪಂದ ಆದದ್ದು 1924ರಲ್ಲಿ. ಇವತ್ತು ಪತ್ರಿಕೆಯಲ್ಲಿ ಕೆಆರ್‌ಎಸ್ ಮಟ್ಟ 124 ಅಡಿ ಎಂದು ಓದಿ ಹಿಗ್ಗುತ್ತೇವಲ್ಲ, ಆ ಎತ್ತರವನ್ನು ಹೊತ್ತಿರುವುದು ಅನುಮತಿ ಇಲ್ಲದ ಕಾಲದಲ್ಲಿ ಹಾಕಿದ ಆ ಅಡಿಪಾಯ. ಆ ಹಿಗ್ಗಿನ ಹಿಂದೆ ನೋವೂ ಇದೆ. ಕನ್ನಂಬಾಡಿ ಊರು ಮುಳುಗಿತು, ಸುತ್ತಲಿನ ಹಳ್ಳಿಯವರು ಮನೆ ಹೊಲ ಬಿಟ್ಟು ಏಳಬೇಕಾಯಿತು. ಅದನ್ನು ಮರೆತು ಈ ಕಥೆ ಹೇಳಬಾರದು.

1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರು. ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾಲಯ ಎಲ್ಲವೂ ಆ ಆರು ವರ್ಷಗಳಲ್ಲಿ ಹುಟ್ಟಿದವು. ಕೊನೆಗೆ ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡುವ ವಿಷಯದಲ್ಲಿ ಮಹಾರಾಜರಿಗೂ ಅವರಿಗೂ ಅಭಿಪ್ರಾಯ ಕೂಡಲಿಲ್ಲ. ರಾಜೀನಾಮೆ ಕೊಟ್ಟರು. ಆ ವಿಷಯದಲ್ಲಿ ಮಹಾರಾಜರು ಕಂಡ ದೂರ ಇವರಿಗೆ ಕಾಣಲಿಲ್ಲ ಎಂದು ಹೇಳುವವರಲ್ಲಿ ನಾನೂ ಒಬ್ಬ. ದೊಡ್ಡವರ ಎಲ್ಲ ತೀರ್ಮಾನಗಳನ್ನೂ ನಾವು ಒಪ್ಪಬೇಕಾಗಿಲ್ಲ. ಆದರೆ ಆಮೇಲೆ ಅವರು ನಡೆದುಕೊಂಡ ರೀತಿ ನೋಡಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ಮುಳುಗುತ್ತಿದ್ದಾಗ 1923ರಲ್ಲಿ ಸಂಸ್ಥಾನ ಮತ್ತೆ ಇವರನ್ನೇ ಕರೆಯಿತು. ಮುನಿಸು ಹಿಡಿದು ಕೂರಬಹುದಿತ್ತು. ಅರವತ್ತು ದಾಟಿದ ಮನುಷ್ಯ ಬಂದು ಆಡಳಿತ ಮಂಡಳಿಯ ಅಧ್ಯಕ್ಷರಾಗಿ, ಊರಿನ ಹುಡುಗರನ್ನೇ ತಯಾರು ಮಾಡಿ, ವರ್ಷಗಟ್ಟಲೆ ದುಡಿದು ಕಾರ್ಖಾನೆಯನ್ನು ದಡಕ್ಕೆ ತಂದರು. ಆ ಕೆಲಸಕ್ಕೆ ತಮಗೆ ಬರಬೇಕಾಗಿದ್ದ ಹಣವನ್ನು ಬೆಂಗಳೂರಿನಲ್ಲಿ ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಅದಕ್ಕೆ ಇಟ್ಟದ್ದು ತಮ್ಮ ಹೆಸರಲ್ಲ, ಜಯಚಾಮರಾಜೇಂದ್ರ ಒಡೆಯರ ಹೆಸರು.

ತೊಂಬತ್ತು ದಾಟಿದ ಮೇಲೂ ಬಿಹಾರದ ಮೊಕಾಮಾದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ನೋಡಲು ಹೋದರು. 1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿ, ತೀರಿಕೊಂಡರು.

ಅದಕ್ಕೂ ಮುಂಚಿನ ವರ್ಷದ ಒಂದು ಸಂಗತಿಯನ್ನು ಗುರುಸ್ವಾಮಿಗಳು ಕೊನೆಗೆ ಇಟ್ಟುಕೊಂಡಿದ್ದರು. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆಯಿತು. ಆ ನೀರಿನ ಹೊಡೆತಕ್ಕೆ ಖಡಕ್‌ವಾಸ್ಲಾದ ಹಳೆಯ ಕಟ್ಟೆಯೂ ಒಡೆದು ಪುಣೆಗೆ ನೀರು ನುಗ್ಗಿತು. ಈಗ ನಾವು ನೋಡುವುದು ಆಮೇಲೆ ಮತ್ತೆ ಕಟ್ಟಿದ್ದು. ಅಂದರೆ ಅವರು ಬಾಗಿಲು ಕೂರಿಸಿದ ಕಟ್ಟೆ ಅವರ ಕಣ್ಣಿನ ಕಾಲದಲ್ಲೇ ಹೋಯಿತು. ಕಟ್ಟಿದ್ದು ಉಳಿಯುತ್ತದೆ ಎಂಬ ಖಾತ್ರಿ ಯಾರಿಗೂ ಇಲ್ಲ. ಕಟ್ಟುತ್ತಾ ಕಟ್ಟುತ್ತಾ ಮನುಷ್ಯ ಏನಾದ ಎಂಬುದಷ್ಟೇ ಅವನದು.

ಇಷ್ಟನ್ನೂ ನಾನು ಆ ಹುಡುಗನಿಗೆ ಹೇಳಿದೆ. ಎರುಮೇಲಿಯಿಂದ ದೊಡ್ಡ ದಾರಿಯಲ್ಲಿ ನಡೆಯುವಾಗ ಕನ್ನಿಸ್ವಾಮಿ ಅಳುದಾ ನದಿಯಲ್ಲಿ ಮುಳುಗಿ ಒಂದು ಕಲ್ಲು ಎತ್ತಿಕೊಳ್ಳುತ್ತಾನೆ, ಬೆಟ್ಟ ಹತ್ತಿ ಕಲ್ಲಿಡುಂಕುನ್ನಿನಲ್ಲಿ ಅದನ್ನು ಹಾಕುತ್ತಾನೆ. ಹೊರುವುದಕ್ಕೂ ಒಂದು ಜಾಗ, ಇಳಿಸುವುದಕ್ಕೂ ಒಂದು ಜಾಗ ಎಂದು ನಮ್ಮ ಹಿರಿಯರೇ ಗೊತ್ತು ಮಾಡಿದ್ದಾರೆ. ಮನಸ್ಸು ತಿಳಿಯಾದ ಮೇಲೆ ವ್ರತ ಮಾಡುತ್ತೇನೆ ಎಂದರೆ ಹೇಗೆ, ತಿಳಿಯಾಗಲಿ ಎಂದೇ ಅಲ್ಲವೇ ಈ 41 ದಿನ ಎಂದೆ.

ಮಾಲೆ ತೆಗೆಯಲಿಲ್ಲ. ಭಾನುವಾರ ನಾವಿಬ್ಬರೂ ಖಡಕ್‌ವಾಸ್ಲಾಕ್ಕೆ ಹೋದೆವು. ಅಲ್ಲಿಂದಲೇ ಅವನು ತಂದೆಗೆ ಫೋನ್ ಮಾಡಿದ. ನಾನು ಸ್ವಲ್ಪ ದೂರ ಹೋಗಿ ನಿಂತೆ. ಕೆಲಸ ಇನ್ನೂ ಸಿಕ್ಕಿಲ್ಲ, ಎರಡು ಕಡೆ ಸಂದರ್ಶನವಿದೆ. ಇರುಮುಡಿಯ ದಿನ ತಂದೆಯೇ ಪುಣೆಗೆ ಬರುತ್ತಾರಂತೆ.

ಈ ಗುಂಪಿನಲ್ಲಿ ಇನ್ನೂ ಯಾರಾದರೂ ಸ್ವಾಮಿ ಇಂಥ ಭಾರ ಹೊತ್ತು ಸುಮ್ಮನೆ ಕೂತಿದ್ದರೆ, ದಯವಿಟ್ಟು ನಿಮ್ಮ ಗುರುಸ್ವಾಮಿಗಳಿಗೋ ಮನೆಯವರಿಗೋ ಇವತ್ತೇ ಹೇಳಿ. ಪುಣೆಯಲ್ಲಿದ್ದರೆ ಶನಿವಾರ ಭಜನೆಗೆ ಬನ್ನಿ. ಪ್ರಸಾದ ಆದ ಮೇಲೆ ನಾನು ಅಲ್ಲೇ ಇರುತ್ತೇನೆ.

ಸ್ವಾಮಿ ಶರಣಂ.