ಎ. ಫಿಲಿಪ್ ರ್ಯಾಂಡಾಲ್ಫ್

ಅಮೆರಿಕದ ಕಪ್ಪು ಜನರ ಹೋರಾಟವೆಂದೊಡನೆ ನಮಗೆಲ್ಲ ನೆನಪಾಗುವುದು ಮಾರ್ಟಿನ್ ಲೂಥರ್ ಕಿಂಗರ ಹೆಸರು. ಅವರಿಗಿಂತ ಒಂದು ತಲೆಮಾರು ಮೊದಲೇ ಆ ಹೋರಾಟವನ್ನು ಕೂಲಿಯ ಪ್ರಶ್ನೆಯೊಡನೆ ಬೆಸೆದ ಹಿರಿಯರೊಬ್ಬರ ಸಂಗತಿಯನ್ನು ವಾಚಕರ ಮುಂದಿಡಬೇಕೆಂದಿದ್ದೇನೆ.

ರ್ಯಾಂಡಾಲ್ಫರು 1889ರಲ್ಲಿ ಫ್ಲಾರಿಡಾದಲ್ಲಿ ಜನಿಸಿದರು. ತಂದೆ ಪಾದ್ರಿ, ಅದರಿಂದ ಹೊಟ್ಟೆ ತುಂಬದೆ ಬಟ್ಟೆಯನ್ನೂ ಹೊಲಿಯುತ್ತಿದ್ದರು. ಮಗ 1911ರಲ್ಲಿ ನ್ಯೂಯಾರ್ಕಿಗೆ ಬಂದು, ಸಿಕ್ಕ ಕೆಲಸ ಮಾಡುತ್ತ ಓದಿ, 1917ರಲ್ಲಿ ಗೆಳೆಯನೊಡನೆ ಒಂದು ಪತ್ರಿಕೆ ಹೊರಡಿಸಿದರು. ನಟನಾಗುವ ಹಂಬಲವೂ ಇತ್ತು. ಆ ಗಂಭೀರ ಕಂಠ ಮುಂದೆ ಕಾರ್ಮಿಕರ ಸಭೆಗಳಿಗೆ ದಕ್ಕಿತು.

1925ರಲ್ಲಿ ಪುಲ್‌ಮನ್ ಕಂಪನಿಯ ಪೋರ್ಟರುಗಳು ಅವರನ್ನು ಮುಂದಾಳಾಗಿ ಆರಿಸಿಕೊಂಡರು. ಅವರು ಕಂಪನಿಯ ನೌಕರರಲ್ಲ. ಆದುದರಿಂದ ಕೆಲಸದಿಂದ ಕಿತ್ತುಹಾಕುವಂತಿರಲಿಲ್ಲ! ಪೋರ್ಟರೆಂದರೆ ಇಲ್ಲಿ ನಮ್ಮ ನಿಲ್ದಾಣಗಳ ಹಮಾಲಿಯಲ್ಲ. ಮಲಗುವ ಗಾಡಿಗಳಲ್ಲಿ ಹಾಸಿಗೆ ಹಾಸಿ, ಬೂಟಿಗೆ ಪಾಲಿಶು ಹಾಕಿ, ಗಂಟೆ ಬಾರಿಸಿದಾಗ ಓಡಿಬರುವ ಪರಿಚಾರಕ. 1865ರಲ್ಲಿ ಗುಲಾಮಗಿರಿ ಹೋದ ಮೇಲೆ, ಬಿಡುಗಡೆ ಹೊಂದಿದ ಕಪ್ಪು ಜನರನ್ನೇ ಹುಡುಕಿ ಈ ಕೆಲಸಕ್ಕೆ ಸೇರಿಸಿಕೊಂಡಿದ್ದರು. ಪ್ರಯಾಣಿಕರು ಅವರೆಲ್ಲರನ್ನೂ ಜಾರ್ಜ್ ಎಂದೇ ಕೂಗುತ್ತಿದ್ದರು. ಅದು ಕಂಪನಿಯ ಒಡೆಯನ ಹೆಸರು. ಗುಲಾಮನಿಗೆ ದಣಿಯ ಹೆಸರಿಡುವ ಹಳೆಯ ಪದ್ಧತಿ ಹೀಗೆ ರೈಲು ಹತ್ತಿತ್ತು.

ತಿಂಗಳಿಗೆ ಸುಮಾರು 400 ಗಂಟೆಗಳ ದುಡಿಮೆ. ಊಟ, ಪಾಲಿಶು ಎಲ್ಲವೂ ಪೋರ್ಟರನ ಖರ್ಚು. ಸಂಬಳ ಸಾಲದೆ ಪ್ರಯಾಣಿಕರ ಇನಾಮನ್ನೇ ನೆಚ್ಚಬೇಕು; ಇನಾಮು ಬೇಕಾದರೆ ಅವಮಾನವನ್ನು ನುಂಗಿ ನಗಬೇಕು. ನನ್ನ ಮನಸ್ಸಿಗೆ ಬಲವಾಗಿ ನಾಟಿದುದು ಇದೇ. ಆ ನಗು ಪೋರ್ಟರನ ಸ್ವಭಾವವೆಂದು ಬಿಳಿಯರು ತಿಳಿದಿದ್ದರು. ರ್ಯಾಂಡಾಲ್ಫರು ಅದರ ಬೇರನ್ನು ಸಂಬಳದ ಪಟ್ಟಿಯಲ್ಲಿ ಕಂಡರು.

ಹನ್ನೆರಡು ವರ್ಷ ಹೆಣಗಿದರು. ಸಂಘ ಸೇರಿದವರ ಕೆಲಸ ಹೋಯಿತು, ಸಂಘದ ಹಣ ಬರಿದಾಯಿತು. 1934ರಲ್ಲಿ ಕಾನೂನು ತಿದ್ದುಪಡಿಯಾಗಿ ಬಲ ಬಂದು, 1937ರಲ್ಲಿ ಕಂಪನಿ ಒಪ್ಪಂದಕ್ಕೆ ಸಹಿ ಹಾಕಿತು. ಸಂಬಳ ಏರಿತು, ದುಡಿಮೆ ತಿಂಗಳಿಗೆ 240 ಗಂಟೆಗಳಿಗೆ ಇಳಿಯಿತು.

1941ರಲ್ಲಿ ಯುದ್ಧಸಾಮಗ್ರಿಯ ಕಾರ್ಖಾನೆಗಳು ಕಪ್ಪು ಜನರಿಗೆ ಬಾಗಿಲು ಮುಚ್ಚಿದ್ದಾಗ, ಸಾವಿರಾರು ಜನರೊಡನೆ ರಾಜಧಾನಿಗೆ ನಡೆದು ಬರುವುದಾಗಿ ಇವರು ಸಾರಿದರು. ಅಧ್ಯಕ್ಷ ರೂಸ್‌ವೆಲ್ಟರು ಕರೆಸಿ ಮಾತಾಡಿ, ಜೂನ್ 25ರಂದು ಅಲ್ಲಿನ ಜನಾಂಗಭೇದವನ್ನು ನಿಷೇಧಿಸಿ ಆಜ್ಞೆ ಹೊರಡಿಸಿದರು. ಮೆರವಣಿಗೆ ನಿಂತಿತು. 1955ರ ಮಾಂಟ್‌ಗೊಮರಿ ಬಸ್ ಬಹಿಷ್ಕಾರವನ್ನು ಸಂಘಟಿಸಿದವರಲ್ಲಿ ಮುಖ್ಯರಾದ ಇ. ಡಿ. ನಿಕ್ಸನ್ನರೂ ಈ ಸಂಘದ ಪೋರ್ಟರೇ.

ಕೈಬಿಟ್ಟ ಮೆರವಣಿಗೆ 1963ರ ಆಗಸ್ಟ್ 28ರಂದು ಎರಡೂವರೆ ಲಕ್ಷ ಜನರೊಡನೆ ನಡೆಯಿತು. ಮುಂದಾಳಾದ ರ್ಯಾಂಡಾಲ್ಫರಿಗೆ ಆಗ 74 ವರ್ಷ. ಕಿಂಗರ ಭಾಷಣ ಜಗತ್ತಿಗೆ ನೆನಪಿದೆ. ಮೆರವಣಿಗೆಯ ಹೆಸರಿನಲ್ಲಿ ಸ್ವಾತಂತ್ರ್ಯಕ್ಕಿಂತ ಮೊದಲು ಉದ್ಯೋಗವಿತ್ತೆಂಬುದು, ಗಂಟೆಗೆ ಎರಡು ಡಾಲರ್ ಕನಿಷ್ಠ ಕೂಲಿಯ ಬೇಡಿಕೆಯಿತ್ತೆಂಬುದು ಎಷ್ಟು ಜನರಿಗೆ ನೆನಪಿದೆಯೋ! ನಾಗರಿಕ ಹಕ್ಕುಗಳ ಶಾಸನ 1964ರಲ್ಲಿ, ಮತದಾನದ ಶಾಸನ 1965ರಲ್ಲಿ ಬಂದವು. ಬಿಳಿಯ ಬಡವರನ್ನೂ ಒಳಗೊಂಡು ಎಲ್ಲರಿಗೂ ಉದ್ಯೋಗ, ವರಮಾನ ಒದಗಿಸುವ ಹತ್ತು ವರ್ಷಗಳ ಯೋಜನೆಯೊಂದನ್ನು ಅವರು 1966ರಲ್ಲಿ ಮುಂದಿಟ್ಟರು. 1979ರಲ್ಲಿ ಅವರು ತೀರಿಕೊಂಡಾಗಲೂ ಅದು ಕಾಗದದ ಮೇಲೆಯೇ ಇತ್ತು.