ಹುಳುವಿನ ಬಾಗಿಲಲ್ಲಿ ಕಾದ ಮೇಷ್ಟರು

ನನ್ನ ಮಾಸ್ತರಿಕೆಯ ಗರ್ವಕ್ಕೆ ಮೊದಲ ಪೆಟ್ಟು ಬಿದ್ದುದು ಹರಿಹರದ ಹೊಳೆದಂಡೆಯಲ್ಲಿ. ದಾವಣಗೆರೆಯಿಂದ ಮಕ್ಕಳನ್ನು ಹರಿಹರೇಶ್ವರನ ಗುಡಿ ತೋರಿಸಲೆಂದು ಕರೆದೊಯ್ದಿದ್ದೆ. ಮುಂಗಾರಿನ ಮೊದಲ ಮಳೆ ಬಿದ್ದು ನೆಲ ಮೆತ್ತಗಾಗಿತ್ತು. ತುಂಗಭದ್ರೆಗೆ ದನಗಳು ಇಳಿಯುವ ಹಾದಿಯಲ್ಲಿ ಒಂದು ಕರಿಯ ಹುಳು ಸಗಣಿಯ ಉಂಡೆಯನ್ನು ಹಿಂಗಾಲುಗಳಿಂದ ನೂಕುತ್ತ ಹಿಮ್ಮುಖವಾಗಿ ಸಾಗಿತ್ತು. ಆ ಉಂಡೆಯೊಳಗೆ ಅದರ ಮೊಟ್ಟೆ ಇದೆಯೆಂದು ನಾನು ಗಂಭೀರವಾಗಿ ಸಾರಿದೆ. ಒಡೆದು ನೋಡಿದ್ದೀರಾ ಎಂದು ಒಬ್ಬ ಹುಡುಗಿ ಕೇಳಿದಳು. ನಾನು ನೋಡಿರಲಿಲ್ಲ. ಮೊಟ್ಟೆ, ಮರಿಹುಳು, ಕೋಶ, ಪ್ರೌಢಕೀಟ ಎಂದು ನಾಲ್ಕು ಬಾಣಗಳ ವೃತ್ತವನ್ನು ವರ್ಷಗಟ್ಟಲೆ ಹಲಗೆಯ ಮೇಲೆ ಬರೆದಿದ್ದೆನೇ ಹೊರತು ಅದರಲ್ಲಿ ಒಂದನ್ನೂ ಕಣ್ಣಾರೆ ಕಂಡವನಲ್ಲ.

ಆ ಪ್ರಶ್ನೆಗೆ ಉತ್ತರವನ್ನರಸುವಾಗ ನನಗೆ ಸಿಕ್ಕಿದವನು ಫ್ರಾನ್ಸಿನ ಜಾನ್ ಹೆನ್ರಿ ಫಾಬ್ರ್. 1823ರ ಡಿಸೆಂಬರಿನಲ್ಲಿ ಒಂದು ಬಡ ಕುಟುಂಬದಲ್ಲಿ ಆತನು ಹುಟ್ಟಿದನು. ತಂದೆ ಊರಿಂದೂರಿಗೆ ಅಲೆದರೂ ವ್ಯಾಪಾರ ಕೈಹತ್ತಲಿಲ್ಲ. ಹುಡುಗನು ಜಾತ್ರೆಯಲ್ಲಿ ನಿಂಬೆಹಣ್ಣು ಮಾರಿದನು. ರೈಲುದಾರಿಯ ಕೆಲಸದಲ್ಲಿ ಕೂಲಿ ಮಾಡಿದನು. ಕೊನೆಗೆ ವಿದ್ಯಾರ್ಥಿವೇತನ ಗೆದ್ದು ಆವಿನ್ಯೋನಿನ ಶಿಕ್ಷಕರ ತರಬೇತಿ ಶಾಲೆಯನ್ನು ಸೇರಿದನು. 1842ರಲ್ಲಿ, ಹತ್ತೊಂಬತ್ತು ತುಂಬುವ ಮುನ್ನವೇ, ಕಾರ್ಪಾಂತ್ರಾ ಎಂಬ ಊರಿನಲ್ಲಿ ಉಪಾಧ್ಯಾಯನಾದನು. ಸಂಬಳ ವರ್ಷಕ್ಕೆ 700 ಫ್ರಾಂಕ್.

ಅಲ್ಲಿ ಆತನು ಹುಡುಗರನ್ನು ಬಯಲಿಗೆ ಕರೆದೊಯ್ದು ಭೂಮಾಪನ ಕಲಿಸುತ್ತಿದ್ದನು. ಗೂಟ ನೆಡಲು ಹೋದ ಹುಡುಗರು ನಡುವೆ ಬಗ್ಗಿ ನಿಲ್ಲುವುದೇಕೆಂದು ವಿಚಾರಿಸಿದಾಗ ಗುಟ್ಟು ತಿಳಿಯಿತು. ಕಲ್ಲಿಗೆ ಮೆತ್ತಿಕೊಂಡಿದ್ದ ಒಂದು ಬಗೆಯ ಕಾಡುಜೇನಿನ ಮಣ್ಣುಗೂಡನ್ನು ಒಡೆದು, ಹುಲ್ಲುಕಡ್ಡಿಯಿಂದ ಅವರು ಜೇನು ಹೀರುತ್ತಿದ್ದರು. ಮೇಷ್ಟರೂ ಅವರೊಡನೆ ಕುಳಿತು ರುಚಿ ನೋಡಿದನು. ಆ ನೊಣದ ಕಥೆ ತಿಳಿಯಲೆಂದು ಒಂದು ತಿಂಗಳ ಸಂಬಳವನ್ನೇ ಸುರಿದು ಕೀಟಗಳ ಪುಸ್ತಕ ಕೊಂಡನು. ಗುರುವಿಗೆ ಕೀಟಲೋಕದ ದಾರಿ ತೋರಿದವರು ಶಿಷ್ಯರು.

1853ರಿಂದ ಆವಿನ್ಯೋನಿನ ಪ್ರೌಢಶಾಲೆಯಲ್ಲಿ ದುಡಿದನು. ಸಂಬಳವೂ ಏರಲಿಲ್ಲ, ಬಡ್ತಿಯೂ ಬರಲಿಲ್ಲ. ಆದರೂ ರಜೆಯ ದಿನಗಳಲ್ಲಿ ಬಿಸಿಲ ದಿಬ್ಬಗಳಲ್ಲಿ ಕುಳಿತು ಕಣಜಗಳು ತಮ್ಮ ಮರಿಗಳಿಗೆ ಬೇಟೆ ಕೂಡಿಡುವ ಬಗೆಯನ್ನು ಕಂಡು ಬರೆದನು. ಡಾರ್ವಿನ್ ಆತನ ವೀಕ್ಷಣೆಯನ್ನು ಮುಕ್ತಕಂಠದಿಂದ ಹೊಗಳಿದನು. ಫಾಬ್ರನಾದರೋ ವಿಕಾಸವಾದವನ್ನು ಕೊನೆಯವರೆಗೂ ಒಪ್ಪಲಿಲ್ಲ. ಇಂದಿನ ವಿಜ್ಞಾನ ಆ ವಿಷಯದಲ್ಲಿ ಆತನ ಪಕ್ಷದಲ್ಲಿಲ್ಲ. ಆದರೂ ಇಬ್ಬರ ನಡುವಣ ಗೌರವ ಕುಗ್ಗಲಿಲ್ಲ.

ಆ ಊರಿನಲ್ಲಿ ಆತನು ಸಂಜೆಯ ಉಚಿತ ಪಾಠಗಳನ್ನೂ ನಡೆಸುತ್ತಿದ್ದನು. ಹೂವು ಹೇಗೆ ಕಾಯಿ ಕಟ್ಟುತ್ತದೆಂಬುದನ್ನು ಅಲ್ಲಿ ಹೆಣ್ಣುಮಕ್ಕಳಿಗೂ ವಿವರಿಸಿದನು. ಅದೇ ಅಪರಾಧವಾಯಿತು. ಮಡಿವಂತರ ಗದ್ದಲವೆದ್ದಿತು, 1870ರ ಸುಮಾರಿಗೆ ಕೆಲಸ ಹೋಯಿತು, ಮನೆಯೊಡತಿಯರು ಮನೆ ಬಿಡಿಸಿದರು. ಮಡದಿಮಕ್ಕಳೊಡನೆ ಬೀದಿಗೆ ಬಿದ್ದವನಿಗೆ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 3000 ಫ್ರಾಂಕ್ ಸಾಲ ಕೊಟ್ಟನು. ಆರಾಂಜ್ ಎಂಬ ಊರಿಗೆ ಹೋಗಿ ಮಕ್ಕಳಿಗಾಗಿ ಹತ್ತಾರು ಪುಸ್ತಕಗಳನ್ನು ಬರೆದು ಫಾಬ್ರನು ಆ ಸಾಲವನ್ನು ತೀರಿಸಿದನು. 1930ರ ದಶಕದಲ್ಲಿ ಬಾಲಪ್ರಪಂಚವನ್ನು ರಚಿಸಿ ಶಿವರಾಮ ಕಾರಂತರು ಕನ್ನಡದ ಮಕ್ಕಳಿಗೆ ಮಾಡಿದ ಉಪಕಾರವನ್ನು ನೆನೆದರೆ ಆ ದುಡಿಮೆಯ ಬೆಲೆ ನಮಗೆ ತಿಳಿದೀತು.

1877ರಲ್ಲಿ, ಕೀಟ ಹುಡುಕುವುದರಲ್ಲಿ ತನ್ನ ಬಲಗೈಯಾಗಿದ್ದ ಹದಿಹರೆಯದ ಮಗ ಜೂಲ್ಸನನ್ನು ಆತನು ಕಳೆದುಕೊಂಡನು. ತಾನು ಹೊಸದೆಂದು ಗುರುತಿಸಿದ ಕಣಜಗಳಿಗೆ ಆ ಮಗನ ಹೆಸರನ್ನಿಟ್ಟನು. 1879ರಲ್ಲಿ ಸೆರಿಞಾನ್ ಎಂಬ ಹಳ್ಳಿಯಲ್ಲಿ, ಬೇರೆ ಯಾರಿಗೂ ಬೇಡವಾದ ಕಲ್ಲುಮುಳ್ಳುಗಳ ಒಂದು ಹೆಕ್ಟೇರಿನಷ್ಟು ನೆಲವನ್ನು ಕೊಂಡನು. ಆತನ ಕೀಟಸ್ಮರಣೆಗಳ ಹತ್ತು ಸಂಪುಟಗಳು 1879ರಿಂದ 1907ರವರೆಗೆ ಹೊರಬಂದವು.

ನನ್ನ ಶಿಷ್ಯೆಯ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಫಾಬ್ರನು ಉಂಡೆಗಳನ್ನು ಒಡೆದು ನೋಡಿದ್ದನು, ಮೊಟ್ಟೆ ಸಿಕ್ಕಿರಲಿಲ್ಲ. ಉರುಳಿಹೋಗುತ್ತಿದ್ದವು ಹುಳುವಿನ ಬುತ್ತಿಗಳಷ್ಟೇ. ಹಾಗಾದರೆ ಮೊಟ್ಟೆಯೆಲ್ಲಿ? ಸುಮಾರು ನಲವತ್ತು ವರ್ಷ ಆತನು ಕಾದನು. ಒಂದು ದಿನ ಕುರಿ ಕಾಯುವ ಹುಡುಗನೊಬ್ಬನು ನೆಲದೊಳಗಿನಿಂದ ಪೇರುಹಣ್ಣಿನಾಕಾರದ ಒಂದು ಗಟ್ಟಿಯನ್ನು ತಂದುಕೊಟ್ಟನು. ಅದು ಹೆಣ್ಣುಹುಳು ಬಿಲದಲ್ಲಿ ತಿದ್ದಿ ಮಾಡಿದ ತೊಟ್ಟಿಲು. ಗಾಳಿಯಾಡುವಂತೆ ಅದರ ಕಿರಿದಾದ ಕುತ್ತಿಗೆಯಲ್ಲಿ ಮೊಟ್ಟೆ, ಕೆಳಗಿನ ದಪ್ಪಭಾಗದಲ್ಲಿ ಮರಿಗೆ ಆಹಾರ. ಆ ಹುಡುಗನ ಸಹಾಯವನ್ನು ಫಾಬ್ರನು ತನ್ನ ಗ್ರಂಥದಲ್ಲಿ ಮುಚ್ಚಿಡದೆ ಬರೆದಿದ್ದಾನೆ. ಜೇನು ಹೀರಿದ ಹುಡುಗರಿಂದ ತೊಡಗಿದ ವಿದ್ಯೆ ಕುರುಬರ ಹುಡುಗನಿಂದ ಮುಂದುವರಿಯಿತು.

1915ರ ಅಕ್ಟೋಬರ್ 11ರಂದು, ತೊಂಬತ್ತೊಂದನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು.

ದಾವಣಗೆರೆಗೆ ಮರಳಿದ ಮೇಲೆ ತರಗತಿಯೆದುರು ನನ್ನ ತಪ್ಪನ್ನು ಒಪ್ಪಿಕೊಂಡೆ. ಹಾದಿಬದಿಯ ಎಕ್ಕದ ಎಲೆಯ ಮೇಲೆ ಪಟ್ಟೆಪಟ್ಟೆಯ ಮರಿಹುಳುವೊಂದನ್ನು ಅದೇ ಹುಡುಗಿ ಹುಡುಕಿ ತಂದಳು. ಗಾಜಿನ ಜಾಡಿಯಲ್ಲಿಟ್ಟು, ದಿನವೂ ಹೊಸ ಎಲೆ ಹಾಕಿ, ಕಂಡುದನ್ನು ಮಕ್ಕಳು ಬರೆದಿಟ್ಟರು. ಒಂದು ದಿನ ಹುಳು ಹಸುರು ಕೋಶವಾಗಿ ತೂಗಿತು. ಮತ್ತೊಂದು ಬೆಳಿಗ್ಗೆ, ಪ್ರಾರ್ಥನೆಯ ಗಂಟೆಗೆ ಮುನ್ನ, ಕಿತ್ತಳೆ ಬಣ್ಣದ ಚಿಟ್ಟೆ ಒದ್ದೆ ರೆಕ್ಕೆಗಳನ್ನು ಇಳಿಬಿಟ್ಟು ಕೋಶದ ಸಿಪ್ಪೆಗೆ ಅಂಟಿಕೊಂಡಿತ್ತು. ನಲವತ್ತು ಮಕ್ಕಳು ಸದ್ದಿಲ್ಲದೆ ಸುತ್ತ ನಿಂತಿದ್ದರು. ಆ ದಿನ ನಾನು ಹಲಗೆಯ ಮೇಲೆ ಏನನ್ನೂ ಬರೆಯಲಿಲ್ಲ.