ಬಣ್ಣ ತೆಗೆಯುವ ನೀರು: ಲೂಯಿ ಜಾಕ್ ಥೆನಾರ್

ಮಕ್ಕಳೇ, ತಲೆಗೂದಲಿಗೆ ಕಪ್ಪು ಬಣ್ಣ ಹಚ್ಚುವುದನ್ನು ನೀವೆಲ್ಲ ನೋಡಿರುತ್ತೀರಿ. ಮದುವೆ, ಜಾತ್ರೆ ಬಂತೆಂದರೆ ಅಜ್ಜನೋ ಕಾಕಾನೋ ಅಂಗಡಿಯಿಂದ ಪುಡಿಯ ಪ್ಯಾಕೆಟ್ ತಂದು, ಬಟ್ಟಲಲ್ಲಿ ಕಲಸಿ, ಹಳೆಯ ಬ್ರಷ್ಷಿನಿಂದ ಹಚ್ಚಿಕೊಳ್ಳುತ್ತಾರೆ. ಇದಕ್ಕೆ ವಿರುದ್ಧವಾದ ಕೆಲಸವೂ ಉಂಟು. ಕಪ್ಪು ಬಣ್ಣ ಹಚ್ಚಿದ ಕೂದಲನ್ನೇ ಹೊಂಬಣ್ಣಕ್ಕೆ ತಿರುಗಿಸುವುದು! ನಮ್ಮ ಹೊಲದ ಗೋವಿನಜೋಳದ ತೆನೆಯ ತುದಿಯಲ್ಲಿ ಕೂದಲಿನಂಥ ಎಳೆ ಇರುತ್ತದಲ್ಲ, ಹೆಚ್ಚುಕಡಿಮೆ ಅದೇ ಬಣ್ಣ. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ಪೇಟೆಗಳಲ್ಲಿ ಇಂಥ ತಲೆಯ ಯುವಕರು ಒಬ್ಬಿಬ್ಬರಾದರೂ ಕಣ್ಣಿಗೆ ಬೀಳುತ್ತಾರೆ. ಕಟಿಂಗ್ ಅಂಗಡಿಗೆ ಹೋದರೆ ಖರ್ಚು ಹೆಚ್ಚು, ಮನೆಯಲ್ಲೇ ಅಗ್ಗದಲ್ಲಿ ಮಾಡಿಕೊಳ್ಳೋಣ ಎಂದು ಹೊರಡುವವರೂ ಇದ್ದಾರೆ.

ಅಂಗಡಿಯಲ್ಲಿ ಮಾಡಿದರೂ ಮನೆಯಲ್ಲಿ ಮಾಡಿದರೂ ಈ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವುದು ಒಂದೇ ದ್ರವ. ಅದು ಹೈಡ್ರೋಜನ್ ಪೆರಾಕ್ಸೈಡ್. ನೋಡಲು ನೀರಿನಂತೆಯೇ ಇರುತ್ತದೆ. ಗಾಯ ತೊಳೆಯಲು ಇದನ್ನು ಹಿಂದೆ ಬಹಳ ಬಳಸುತ್ತಿದ್ದರು. ಗಾಯಕ್ಕೆ ಹಾಕಿದ ಕೂಡಲೇ ಬುಸ್ಸೆಂದು ಬಿಳಿ ನೊರೆ ಏಳುತ್ತದೆ. ಗಿರಣಿಗಳಲ್ಲಿ ಹತ್ತಿಯ ನೂಲನ್ನು ಬಿಳುಪು ಮಾಡುವುದೂ ಇದರಿಂದಲೇ. ಇದನ್ನು ಮೊದಲು ತಯಾರಿಸಿದವನು ಒಬ್ಬ ಬಡ ರೈತನ ಮಗ. ಅವನ ಹೆಸರು ಲೂಯಿ ಜಾಕ್ ಥೆನಾರ್.

ಥೆನಾರ್ ಹುಟ್ಟಿದ್ದು 1777ರ ಮೇ 4ರಂದು, ಫ್ರಾನ್ಸ್ ದೇಶದ ಲಾ ಲೂಪ್ಟಿಯೇರ್ ಎಂಬ ಚಿಕ್ಕ ಹಳ್ಳಿಯಲ್ಲಿ. ಮನೆಯಲ್ಲಿ ಬಡತನವಿದ್ದರೂ ತಂದೆ ಮಗನನ್ನು ಸಾನ್ಸ್ ಎಂಬ ಪಟ್ಟಣದ ಶಾಲೆಗೆ ಕಳಿಸಿ ಓದಿಸಿದ. ಹದಿನಾರು ವರ್ಷವಾದಾಗ ಹುಡುಗ ಔಷಧ ತಯಾರಿಕೆ ಕಲಿಯಲು ಪ್ಯಾರಿಸ್ ನಗರಕ್ಕೆ ಹೊರಟ. ನಮ್ಮ ಕಡೆಯ ಹುಡುಗ ಓದಲೆಂದು ಧಾರವಾಡಕ್ಕೆ ಹೋದಂತೆ ಎಂದುಕೊಳ್ಳಿ. ಆದರೆ ಅವನಿಗೆ ಹಾಸ್ಟೆಲ್ ಇರಲಿಲ್ಲ, ವಿದ್ಯಾರ್ಥಿವೇತನವೂ ಇರಲಿಲ್ಲ.

ಪ್ಯಾರಿಸ್ಸಿನಲ್ಲಿ ವೋಕೆಲಿನ್ ಎಂಬ ಹೆಸರಾಂತ ರಸಾಯನವಿಜ್ಞಾನಿ ಇದ್ದ. ಕ್ರೋಮಿಯಂ ಧಾತುವನ್ನು ಕಂಡುಹಿಡಿದವನು ಇವನೇ. ಇವನ ಪ್ರಯೋಗಶಾಲೆಯಲ್ಲಿ ಕಲಿಯಬೇಕಾದರೆ ತಿಂಗಳು ತಿಂಗಳು ಶುಲ್ಕ ಕೊಡಬೇಕಿತ್ತು. ಥೆನಾರ್‌ನ ಬಳಿ ಹಣವಿಲ್ಲ. ವೋಕೆಲಿನ್ ಅವನನ್ನು ವಾಪಸ್ಸು ಕಳಿಸಲಿದ್ದ. ಆಗ ವೋಕೆಲಿನ್‌ನ ಅಕ್ಕತಂಗಿಯರು ಹುಡುಗನನ್ನು ಕಂಡು ಮರುಗಿದರು. ಬಾಟಲಿ ತೊಳೆಯಲು, ಅಡುಗೆಮನೆಯ ಒಲೆಯ ಮೇಲಿನ ಪಾತ್ರೆ ನೋಡಿಕೊಳ್ಳಲು ಒಬ್ಬ ಹುಡುಗ ಇರಲಿ ಎಂದು ಅಣ್ಣನನ್ನು ಒಪ್ಪಿಸಿದರು. ಹೀಗೆ ಥೆನಾರ್ ವಿಜ್ಞಾನಕ್ಕೆ ಕಾಲಿಟ್ಟದ್ದು ಮನೆಗೆಲಸದ ಹುಡುಗನಾಗಿ. ವೋಕೆಲಿನ್ ಕೂಡ ಹಳ್ಳಿಯ ಬಡ ಕುಟುಂಬದಿಂದ ಬಂದು, ಔಷಧದ ಅಂಗಡಿಯಲ್ಲಿ ದುಡಿದು ಮೇಲೆ ಬಂದವನೇ. ಅಕ್ಕತಂಗಿಯರಿಗೆ ಬಹುಶಃ ಅದು ನೆನಪಾಗಿರಬೇಕು.

ಬಾಟಲಿ ತೊಳೆಯುತ್ತಲೇ ಹುಡುಗ ಎಲ್ಲವನ್ನೂ ನೋಡಿ ಕಲಿತ. ಎರಡು ಮೂರು ವರ್ಷಗಳಲ್ಲಿ ಗುರುವಿನ ಬದಲಿಗೆ ತಾನೇ ನಿಂತು ಪಾಠ ಹೇಳುವಷ್ಟು ಬೆಳೆದ. 1797ರಲ್ಲಿ ಶಾಲೆಯೊಂದರಲ್ಲಿ ರಸಾಯನವಿಜ್ಞಾನದ ಶಿಕ್ಷಕನಾದ. 1804ರಲ್ಲಿ ವೋಕೆಲಿನ್ ತನ್ನ ಪ್ರಾಧ್ಯಾಪಕ ಹುದ್ದೆಯನ್ನು ಬಿಟ್ಟು, ಅದು ಈ ಶಿಷ್ಯನಿಗೇ ಸಿಗುವಂತೆ ಮಾಡಿದ.

ಅವನಿಗೆ ಮೊದಲು ಹೆಸರು ತಂದದ್ದು ಬಣ್ಣ ತೆಗೆಯುವ ಕೆಲಸವಲ್ಲ, ಬಣ್ಣ ಮಾಡುವ ಕೆಲಸ! ಆಗಿನ ಚಿತ್ರಕಾರರು ಒಳ್ಳೆಯ ನೀಲಿ ಬಣ್ಣವನ್ನು ದೂರದ ಅಫ್ಘಾನಿಸ್ತಾನದಿಂದ ಬರುತ್ತಿದ್ದ ನೀಲಿ ಕಲ್ಲನ್ನು ಅರೆದು ಪಡೆಯುತ್ತಿದ್ದರು. ಅದು ಬಹಳ ದುಬಾರಿ. ಅಗ್ಗದ ನೀಲಿಯನ್ನು ಹುಡುಕು ಎಂದು ಫ್ರಾನ್ಸಿನ ಮಂತ್ರಿ ಶಾಪ್ಟಾಲ್ ಥೆನಾರ್‌ಗೆ ಹೇಳಿದ. 1802ರಲ್ಲಿ ಥೆನಾರ್ ಕೋಬಾಲ್ಟ್ ಲವಣವನ್ನು ಅಲ್ಯೂಮಿನಾದೊಂದಿಗೆ ಬೆರೆಸಿ ಚೆನ್ನಾಗಿ ಕಾಯಿಸಿ ಗಾಢ ನೀಲಿಯನ್ನು ತಯಾರಿಸಿದ. ಅದು ಬಿಸಿಲಿಗೂ ಮಾಸದ ಬಣ್ಣ. ಕೋಬಾಲ್ಟ್ ನೀಲಿ ಎಂಬ ಹೆಸರಿನಲ್ಲಿ ಇಂದಿಗೂ ಸಿಗುತ್ತದೆ. ಮುಂದೆ 1808ರಲ್ಲಿ ಗೆಳೆಯ ಗೇ-ಲುಸಾಕ್ ಜೊತೆ ಸೇರಿ ಬೋರಾನ್ ಎಂಬ ಧಾತುವನ್ನು ಬೇರ್ಪಡಿಸಿದ. ಕೇರಂ ಬೋರ್ಡಿನ ಮೇಲೆ ಉದುರಿಸುವ ಬೋರಿಕ್ ಪುಡಿಯಲ್ಲಿರುವುದು ಇದೇ ಬೋರಾನ್.

ಈಗ ಮುಖ್ಯ ಸಂಗತಿಗೆ ಬರೋಣ. 1818ರಲ್ಲಿ ಥೆನಾರ್ ಬೇರಿಯಂ ಪೆರಾಕ್ಸೈಡ್ ಎಂಬ ಪುಡಿಯನ್ನು ತಣ್ಣಗಿನ ಆಮ್ಲದಲ್ಲಿ ಕರಗಿಸುತ್ತಿದ್ದ. ದೊರೆತ ದ್ರಾವಣವನ್ನು ಬಿಸಿ ಮಾಡಿದರೆ ಆಮ್ಲಜನಕದ ಗುಳ್ಳೆಗಳು ಏಳುತ್ತಿದ್ದವು. ಆಮ್ಲವೇ ಹೆಚ್ಚು ಆಮ್ಲಜನಕವನ್ನು ಹಿಡಿದುಕೊಂಡಿದೆ ಎಂದು ಅವನು ಮೊದಲು ತಿಳಿದ, ಹಾಗೆಂದು ಪ್ರಕಟಿಸಿಯೂ ಬಿಟ್ಟ. ಆದರೆ ಪ್ರಯೋಗ ನಿಲ್ಲಿಸಲಿಲ್ಲ. ದ್ರಾವಣದಿಂದ ಬೇರಿಯಂ ಅನ್ನು ತೆಗೆದ, ಆಮ್ಲವನ್ನೂ ತೆಗೆದ. ಆದರೂ ಆಮ್ಲಜನಕ ಉಳಿದೇ ಇತ್ತು! ಹಾಗಾದರೆ ಅದು ಎಲ್ಲಿತ್ತು? ಉಳಿದದ್ದು ನೀರು ಮಾತ್ರ. ಆಮ್ಲಜನಕವನ್ನು ಹಿಡಿದುಕೊಂಡದ್ದು ನೀರು ಎಂದು ಅದೇ ವರ್ಷದ ಕೊನೆಗೆ ಅವನಿಗೆ ಸ್ಪಷ್ಟವಾಯಿತು. ಮೊದಲು ಹೇಳಿದ್ದನ್ನು ಅವನೇ ತಿದ್ದಿದ. ಹೊಸ ದ್ರವವನ್ನು ಆಮ್ಲಜನಕ ತುಂಬಿದ ನೀರು ಎಂದು ಕರೆದ.

ನೀರಿನ ಅಣುವಿನಲ್ಲಿ ಎರಡು ಹೈಡ್ರೋಜನ್ ಪರಮಾಣು, ಒಂದು ಆಮ್ಲಜನಕದ ಪರಮಾಣು ಇರುತ್ತವೆ ಎಂದು ನೀವು ಓದಿದ್ದೀರಿ. ಥೆನಾರ್‌ನ ದ್ರವದಲ್ಲಿ ಹೈಡ್ರೋಜನ್ ಎರಡು, ಆಮ್ಲಜನಕವೂ ಎರಡು. ಒಂದೇ ಒಂದು ಪರಮಾಣು ಹೆಚ್ಚು. ಆದರೆ ಗುಣ ಎಷ್ಟು ಬೇರೆ ನೋಡಿ! ಈ ಹೆಚ್ಚಿನ ಆಮ್ಲಜನಕ ಸಡಿಲವಾಗಿ ಅಂಟಿಕೊಂಡಿರುತ್ತದೆ, ಸಿಕ್ಕ ವಸ್ತುವಿನ ಮೇಲೆ ಎರಗುತ್ತದೆ. ಇದಕ್ಕೆ ಉತ್ಕರ್ಷಣ ಎನ್ನುತ್ತಾರೆ.

ಥೆನಾರ್ ತನ್ನ ದ್ರವದಿಂದ ಸಾಧ್ಯವಾದಷ್ಟು ನೀರನ್ನು ತೆಗೆದು ಗಟ್ಟಿ ಮಾಡಿದ. ಅದರ ಒಂದು ಅಳತೆಯಿಂದ 475 ಅಳತೆಯಷ್ಟು ಆಮ್ಲಜನಕ ಹೊರಬಂತು. ಹೀಗೆ ಅಳೆಯುವ ಪದ್ಧತಿ ಇಂದಿಗೂ ಉಳಿದಿದೆ. ಕೂದಲಿಗೆ ಹಚ್ಚುವ ಪೆರಾಕ್ಸೈಡ್ ಬಾಟಲಿಯ ಮೇಲೆ 20 ವಾಲ್ಯೂಮ್, 30 ವಾಲ್ಯೂಮ್ ಎಂದು ಬರೆದಿರುತ್ತದೆ. ಒಂದು ಅಳತೆ ದ್ರವದಿಂದ 20 ಅಥವಾ 30 ಅಳತೆ ಆಮ್ಲಜನಕ ಬರುತ್ತದೆ ಎಂದು ಅದರ ಅರ್ಥ. 20 ವಾಲ್ಯೂಮ್ ಎಂದರೆ ಸುಮಾರು 6 ಪ್ರತಿಶತ, 30 ಎಂದರೆ ಸುಮಾರು 9 ಪ್ರತಿಶತ. ಗಾಯಕ್ಕೆ ಬಳಸುತ್ತಿದ್ದುದು 3 ಪ್ರತಿಶತ ಮಾತ್ರ.

ಗಟ್ಟಿ ದ್ರವ ಚರ್ಮಕ್ಕೆ ತಾಗಿದರೆ ಚರ್ಮ ಬೆಳ್ಳಗಾಗಿ ಚುರುಚುರು ಉರಿಯುವುದನ್ನು ಥೆನಾರ್ ಗುರುತಿಸಿದ. ಬೆಳ್ಳಿ, ಸೀಸ ಮುಂತಾದ ಲೋಹಗಳ ಆಕ್ಸೈಡ್‌ಗಳಿಗೆ ಅದು ತಾಗಿದರೆ ಒಮ್ಮೆಲೇ ಬಿಸಿಯಾಗಿ ಸಿಡಿಯುತ್ತದೆ ಎಂಬುದನ್ನೂ ಕಂಡ. ರಕ್ತದಲ್ಲಿರುವ ಒಂದು ನಾರಿನಂಥ ವಸ್ತು ತಾನು ಬದಲಾಗದೆಯೇ ಈ ದ್ರವವನ್ನು ಒಡೆಯುವುದು ಅವನಿಗೆ ಬಹಳ ಸೋಜಿಗ ತಂದಿತು. ಗಾಯದ ಮೇಲೆ ನೊರೆ ಏಳುವುದೇಕೆ ಎಂಬುದರ ಸುಳಿವು ಇಲ್ಲಿದೆ. ನಮ್ಮ ರಕ್ತದಲ್ಲಿ, ಜೀವಕೋಶಗಳಲ್ಲಿ ಪೆರಾಕ್ಸೈಡನ್ನು ಒಡೆಯುವ ಕೆಟಲೇಸ್ ಎಂಬ ಕಿಣ್ವ ಇದೆ. ಇದು ತಿಳಿದದ್ದು ಅವನ ಕಾಲದ ಎಷ್ಟೋ ವರ್ಷಗಳ ನಂತರ. ಕಪ್ಪಾಗಿದ್ದ ಹಳೆಯ ಚಿತ್ರಗಳ ಬಿಳಿ ಬಣ್ಣವನ್ನು ಮರಳಿ ಬಿಳಿ ಮಾಡಲೂ ಥೆನಾರ್ ಈ ನೀರನ್ನು ಬಳಸಿ ತೋರಿಸಿದ.

ಹಾಗಾದರೆ ಕೂದಲಿನಲ್ಲಿ ಏನಾಗುತ್ತದೆ? ಕೂದಲಿನ ಹೊರಪದರ ಮನೆಯ ಹೆಂಚಿನಂತೆ ಒಂದರ ಮೇಲೊಂದು ಜೋಡಿಸಿದ ಹುರುಪೆಗಳಿಂದ ಆಗಿದೆ. ಒಳಗೆ ಮೆಲನಿನ್ ಎಂಬ ಕಪ್ಪು ವರ್ಣಕದ ಕಣಗಳಿವೆ. ಅಮೋನಿಯಾ ಬೆರೆತ ಪೆರಾಕ್ಸೈಡ್ ಹಚ್ಚಿದರೆ ಹೆಂಚು ಮೇಲೇಳುತ್ತವೆ, ದ್ರವ ಒಳಗೆ ಇಳಿದು ಮೆಲನಿನ್ ಅನ್ನು ಉತ್ಕರ್ಷಿಸಿ ಬಣ್ಣಗೆಡಿಸುತ್ತದೆ. ಕಪ್ಪು ಕೂದಲು ನೇರವಾಗಿ ಹೊಂಬಣ್ಣಕ್ಕೆ ಬರುವುದಿಲ್ಲ. ಮೊದಲು ಕೆಂಗಂದು, ಆಮೇಲೆ ಕಿತ್ತಳೆ, ಕೊನೆಗೆ ಹಳದಿ. ಮನೆಯಲ್ಲಿ ಮಾಡಿಕೊಂಡ ಬಹಳ ತಲೆಗಳು ಕಿತ್ತಳೆಯಲ್ಲಿಯೇ ನಿಂತುಬಿಡುವುದು ಇದಕ್ಕೇ!

ಮೊದಲೇ ಕಪ್ಪು ಬಣ್ಣ ಹಚ್ಚಿದ ಕೂದಲಾದರೆ ಕೆಲಸ ಇನ್ನೂ ಕಠಿಣ. ಅನೇಕ ಕಪ್ಪು ಬಣ್ಣಗಳಲ್ಲಿ ಪ್ಯಾರಾಫಿನೈಲೀನ್ ಡೈಅಮೀನ್ ಎಂಬ ವಸ್ತು ಇರುತ್ತದೆ. ಇದರ ಅಣುಗಳು ಚಿಕ್ಕವು, ಸುಲಭವಾಗಿ ಕೂದಲಿನ ಒಳಗೆ ನುಸುಳುತ್ತವೆ. ಒಳಗೆ ಹೋದ ಮೇಲೆ ಅವನ್ನು ಒಂದಕ್ಕೊಂದು ಕೂಡಿಸಿ ದೊಡ್ಡ ಕಪ್ಪು ಅಣುಗಳನ್ನಾಗಿ ಮಾಡುವುದು ಯಾವುದು ಗೊತ್ತೇ? ಸಾಮಾನ್ಯವಾಗಿ ಇದೇ ಪೆರಾಕ್ಸೈಡ್! ಬಂಡಿಯ ಗಾಲಿ, ಅಚ್ಚು, ನೊಗಗಳನ್ನು ಕಿಟಕಿಯಿಂದ ಬಿಡಿಬಿಡಿಯಾಗಿ ಮನೆಯೊಳಗೆ ಇಳಿಸಿ, ಒಳಗೇ ಬಂಡಿ ಕಟ್ಟಿದರೆ ಅದು ಮತ್ತೆ ಕಿಟಕಿಯಿಂದ ಹೊರಬರುವುದಿಲ್ಲ. ಅದನ್ನು ತೆಗೆಯಬೇಕಾದರೆ ಒಳಗೇ ಒಡೆಯಬೇಕು. ಒಡೆಯುವಾಗ ಗೋಡೆಗೂ ಪೆಟ್ಟು ಬೀಳುತ್ತದೆ. ಕೂದಲಿನ ಗೋಡೆ ಎಂದರೆ ಕೆರಾಟಿನ್ ಎಂಬ ಪ್ರೋಟೀನು. ಅದನ್ನು ಹಿಡಿದಿಟ್ಟ ಗಂಧಕದ ಬಂಧಗಳನ್ನು ಪೆರಾಕ್ಸೈಡ್ ಕಡಿಯುತ್ತದೆ. ಬಣ್ಣ ಯಾವುದು, ಕೂದಲು ಯಾವುದು ಎಂದು ಅದು ನೋಡುವುದಿಲ್ಲ. ಮತ್ತೆ ಮತ್ತೆ ಹಚ್ಚಿದರೆ ಒದ್ದೆ ಕೂದಲು ರಬ್ಬರಿನಂತೆ ಜಗ್ಗಿ ತುಂಡಾಗುತ್ತದೆ. ಚರ್ಮದ ಗಾಯ ಮಾಯುತ್ತದೆ. ಕೂದಲು ಜೀವವಿಲ್ಲದ ವಸ್ತು, ಅದು ಮಾಯುವುದಿಲ್ಲ.

ಕೆಲವು ಬಣ್ಣಗಳಲ್ಲಿ, ಬೆರಕೆ ಮದರಂಗಿ ಪುಡಿಗಳಲ್ಲಿ ಲೋಹದ ಲವಣಗಳಿರುತ್ತವೆ. ಅವನ್ನು ಹಚ್ಚಿದ ತಲೆಗೆ ಪೆರಾಕ್ಸೈಡ್ ಹಾಕಿದರೆ ಥೆನಾರ್ ಕಂಡಂತೆಯೇ ಬಿಸಿ ಏಳುತ್ತದೆ, ನೆತ್ತಿ ಸುಡಬಹುದು. ಇನ್ನೊಂದು ಮಾತು. ನೀರಿನ ಟಾಕಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದಕ್ಕಿಂತ ಬೇರೆ, ಅದು ಕ್ಲೋರಿನ್‌ನ ಸಂಯುಕ್ತ. ಅಗ್ಗ ಎಂದು ಅದನ್ನು ತಲೆಗೆ ಹಾಕಲೇಬಾರದು. ಅಮೋನಿಯಾದೊಂದಿಗೆ ಸೇರಿದರೆ ವಿಷಾನಿಲ ಬರುತ್ತದೆ. ಕಪ್ಪು ಬಣ್ಣದ ಪುಡಿಯೂ ಹೊಟ್ಟೆಗೆ ಹೋದರೆ ವಿಷವೇ. ಮನೆಯಲ್ಲಿ ಚಿಕ್ಕ ತಮ್ಮ ತಂಗಿಯರಿದ್ದರೆ ಅದು ಅವರ ಕೈಗೆ ಸಿಗದಂತೆ ಎತ್ತರದಲ್ಲಿ ಇಡಲು ಅವ್ವನಿಗೆ ಹೇಳಿ. ಮಕ್ಕಳಂತೂ ಇವುಗಳಲ್ಲಿ ಯಾವುದನ್ನೂ ಮುಟ್ಟುವುದು ಬೇಡ. ಹಚ್ಚಿದ ಕಪ್ಪು ಬೇಡವಾದ ಅಣ್ಣನಿಗೆ ಖರ್ಚಿಲ್ಲದ ದಾರಿ ಒಂದಿದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬಣ್ಣದ ಭಾಗವನ್ನು ಕತ್ತರಿಸುತ್ತಾ ಹೋದರೆ ಆರು ತಿಂಗಳಲ್ಲಿ ಗಿಡ್ಡ ಕ್ರಾಪಿನ ತಲೆ ತನ್ನ ಮೊದಲಿನ ಬಣ್ಣಕ್ಕೆ ಬರುತ್ತದೆ.

ರಾಸಾಯನಿಕಗಳ ಅಪಾಯ ಥೆನಾರ್‌ಗೆ ಚೆನ್ನಾಗಿ ಗೊತ್ತಿತ್ತು. ಆದರೂ ಒಮ್ಮೆ ಪಾಠ ಮಾಡುತ್ತಿದ್ದಾಗ ನೀರೆಂದು ತಿಳಿದು ಮೇಜಿನ ಮೇಲಿದ್ದ ಪಾದರಸದ ವಿಷಕಾರಿ ಲವಣದ ದ್ರಾವಣವನ್ನು ಕುಡಿದುಬಿಟ್ಟ. ಆ ಕ್ಷಣದಲ್ಲೂ ಗಾಬರಿಯಾಗದೆ ತಾನು ಕುಡಿದದ್ದು ಏನೆಂದು ವಿದ್ಯಾರ್ಥಿಗಳಿಗೆ ತಿಳಿಸಿ, ಮೊಟ್ಟೆ ತರಲು ಹೇಳಿದ. ಹುಡುಗರು ಸುತ್ತಲಿನ ಬೀದಿಗಳಿಗೆ ಓಡಿ ಮೊಟ್ಟೆ ತಂದರು. ಮೊಟ್ಟೆಯ ಬಿಳಿಭಾಗದ ಪ್ರೋಟೀನು ಪಾದರಸವನ್ನು ಹಿಡಿದುಕೊಳ್ಳುತ್ತದೆ. ಅದನ್ನು ನುಂಗಿ ಅವನು ಬದುಕಿಕೊಂಡ. ಇಂದು ಹೀಗೇನಾದರೂ ಆದರೆ ಮೊಟ್ಟೆ ಹುಡುಕುತ್ತಾ ಕೂರಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಏನೇ ಕಂಡುಹಿಡಿದರೂ ಥೆನಾರ್ ಮನಸ್ಸಿನಲ್ಲಿ ಮೇಷ್ಟರೇ ಆಗಿದ್ದ. ತರಗತಿಯಲ್ಲಿ ಪ್ರಯೋಗ, ಸಹಾಯಕರು, ಕೊನೆಗೆ ಅಧ್ಯಾಪಕ, ಎಲ್ಲವೂ ವಿದ್ಯಾರ್ಥಿಗಳಿಗಾಗಿಯೇ ಇರಬೇಕೆಂಬುದು ಅವನ ನಿಲುವು. 1813ರಿಂದ 1816ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರಬಂದ ಅವನ ರಸಾಯನವಿಜ್ಞಾನದ ಪಠ್ಯಪುಸ್ತಕವನ್ನು ಸುಮಾರು ಇಪ್ಪತ್ತೈದು ವರ್ಷ ವಿದ್ಯಾರ್ಥಿಗಳು ಓದಿದರು. 1825ರಲ್ಲಿ ದೊರೆ ಅವನಿಗೆ ಬ್ಯಾರನ್ ಎಂಬ ಬಿರುದು ಕೊಟ್ಟ. ಅಡುಗೆಮನೆಯ ಪಾತ್ರೆ ಕಾಯುತ್ತಿದ್ದ ಹುಡುಗ ದೇಶದ ದೊಡ್ಡ ಸಭೆಗಳಲ್ಲಿ ಕುಳಿತ. ಕಷ್ಟದಲ್ಲಿರುವ ವಿಜ್ಞಾನಿಗಳಿಗೆ, ಅವರ ಕುಟುಂಬಗಳಿಗೆ ನೆರವು ನೀಡಲು ಮುಪ್ಪಿನಲ್ಲಿ ಒಂದು ಸಂಘವನ್ನೂ ಕಟ್ಟಿದ. 1857ರ ಜೂನ್ 21ರಂದು, 80ನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ತೀರಿಕೊಂಡ.

ತನ್ನ ನೀರಿನಿಂದ ಜನ ತಲೆಗೂದಲಿನ ಬಣ್ಣ ತೆಗೆಯುವುದನ್ನು ಅವನು ನೋಡಲಿಲ್ಲ. ಅವನು ತೀರಿಕೊಂಡ ಹತ್ತು ವರ್ಷಕ್ಕೆ, 1867ರಲ್ಲಿ, ಪ್ಯಾರಿಸ್ಸಿನ ದೊಡ್ಡ ವಸ್ತುಪ್ರದರ್ಶನದಲ್ಲಿ ಲಂಡನ್ನಿನ ಒಬ್ಬ ರಸಾಯನವಿಜ್ಞಾನಿ ಮತ್ತು ಪ್ಯಾರಿಸ್ಸಿನ ಒಬ್ಬ ಕ್ಷೌರಿಕ ಸೇರಿ ಪೆರಾಕ್ಸೈಡ್‌ನಿಂದ ಕೂದಲನ್ನು ಹೊಂಬಣ್ಣಕ್ಕೆ ತರುವುದನ್ನು ಜನರಿಗೆ ತೋರಿಸಿದರು. ಅದಕ್ಕೆ ಎರಡು ವರ್ಷ ಮೊದಲು, 1865ರಲ್ಲಿ, ಥೆನಾರ್ ಹುಟ್ಟಿದ ಹಳ್ಳಿಗೆ ಅವನ ಹೆಸರು ಸೇರಿಸಿ ಲಾ ಲೂಪ್ಟಿಯೇರ್-ಥೆನಾರ್ ಎಂದು ಕರೆದರು. ಪ್ಯಾರಿಸ್ಸಿನ ಐಫೆಲ್ ಗೋಪುರದ ಚಿತ್ರವನ್ನು ನೀವು ನೋಡಿರಬಹುದು. ಅದರ ಮೊದಲ ಅಂತಸ್ತಿನ ಕೆಳಗೆ ನಾಲ್ಕೂ ಬದಿಗೆ ವಿಜ್ಞಾನಿಗಳು ಮತ್ತು ಎಂಜಿನಿಯರುಗಳ 72 ಹೆಸರುಗಳನ್ನು ಬರೆದಿದ್ದಾರೆ. ಅವುಗಳಲ್ಲಿ ಥೆನಾರ್‌ನ ಹೆಸರೂ ಒಂದು.